ದಯೆಗೊಂದು ಕಾಯಿದೆ: ಹಿಂದಿನ ಸಾಲಿನ ಸದಸ್ಯರೊಬ್ಬರ ಪಾಠ



ಜೀವದಯೆಯನ್ನು ಕುರಿತು ಮಾತನಾಡಬೇಕೆಂದು ಸಂಚಾಲಕರು ಅಪ್ಪಣೆ ಮಾಡಿದರು. ಪುರಾಣಪುರುಷರ ಕಥೆಗಳನ್ನು ತಾವೆಲ್ಲ ಮುನಿವರ್ಯರ ಬಾಯಿಂದಲೇ ಕೇಳಿದ್ದೀರಿ. ಅವನ್ನು ಹೇಳುವ ಅರ್ಹತೆ ನನ್ನದಲ್ಲ. ಆದ್ದರಿಂದ ನಮ್ಮ ಧರ್ಮಕ್ಕೆ ಸೇರದ, ನಮ್ಮ ದೇಶಕ್ಕೂ ಸೇರದ ಒಬ್ಬ ರಾಜಕಾರಣಿಯ ಕೆಲಸವನ್ನು ತಮ್ಮ ಮುಂದಿಡುತ್ತೇನೆ. ಅವರು ಬ್ರಿಟನ್ನಿನ ಸರ್ ಡೇವಿಡ್ ಅಮೆಸ್. ಕ್ಯಾಥೊಲಿಕ್ ಕ್ರೈಸ್ತರು, ಕನ್ಸರ್ವೇಟಿವ್ ಪಕ್ಷದವರು. 1983ರಿಂದ 2021ರವರೆಗೆ, ಮೊದಲು ಬಾಸಿಲ್ಡನ್, ಅನಂತರ ಸೌತೆಂಡ್ ವೆಸ್ಟ್ ಕ್ಷೇತ್ರದಿಂದ, 38 ವರ್ಷ ಸಂಸತ್ ಸದಸ್ಯರಾಗಿದ್ದರು. ಒಮ್ಮೆಯೂ ಮಂತ್ರಿಯಾಗಲಿಲ್ಲ. 2021ರ ಅಕ್ಟೋಬರ್ 15ರಂದು, ತಮ್ಮ ಕ್ಷೇತ್ರದ ಚರ್ಚೊಂದರಲ್ಲಿ ಮತದಾರರ ಅಹವಾಲು ಕೇಳುತ್ತಿದ್ದಾಗ ಇರಿತಕ್ಕೆ ಬಲಿಯಾದರು. ಜಗತ್ತು ಅವರ ಸಾವನ್ನು ನೆನಪಿಟ್ಟುಕೊಂಡಿದೆ. ಇಂದು ನಾವು ಅವರ ಎರಡು ಕಾಯಿದೆಗಳನ್ನು ನೆನೆಯೋಣ.

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಮಂತ್ರಿಗಳೂ ವಿರೋಧ ಪಕ್ಷದ ಮುಂದಾಳುಗಳೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಉಳಿದವರ ಜಾಗ ಹಿಂದೆ. ಹಿಂದಿನ ಸಾಲಿನವರಿಗೆ ಸ್ವಂತ ಮಸೂದೆ ತರಲು ಇರುವ ಮುಖ್ಯ ದಾರಿ ಚೀಟಿ ಎತ್ತುವುದು. ಪ್ರತಿ ಅಧಿವೇಶನದಲ್ಲಿ 20 ಸದಸ್ಯರ ಹೆಸರು ಮಾತ್ರ ಬರುತ್ತದೆ. ಚರ್ಚೆಗೆ ದೊರೆಯುವುದು ಕೆಲವೇ ಶುಕ್ರವಾರಗಳು. ಸರ್ಕಾರ ಮನಸ್ಸು ಮಾಡಿದರೆ ಮಾತಿನಲ್ಲೇ ಹೊತ್ತು ಕಳೆದು ಮಸೂದೆಯನ್ನು ಮುಗಿಸಿಬಿಡಬಹುದು. ಇಷ್ಟು ಕಿರಿದಾದ ಬಾಗಿಲಿನಿಂದ ಅಮೆಸ್ ಅವರು ಎರಡು ಕಾಯಿದೆಗಳನ್ನು ದಾಟಿಸಿದರು.

ಮೊದಲನೆಯದು 1988ರದು. ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಅನಗತ್ಯವಾದ ನೋವಾಗುವಂತೆ ಕಟ್ಟಿಹಾಕುವುದು ಅಪರಾಧ ಎಂಬ ಪುಟ್ಟ ಕಾಯಿದೆ. ಜಗತ್ತಿನ ಎಲ್ಲ ಹಿಂಸೆಯನ್ನೂ ನಿಲ್ಲಿಸುತ್ತೇನೆಂದು ಅವರು ಹೊರಡಲಿಲ್ಲ; ಒಂದು ಹಗ್ಗವನ್ನು ಹಿಡಿದುಕೊಂಡರು. ನರಿಬೇಟೆಯ ವಿಷಯದಲ್ಲಿ ತಮ್ಮ ಪಕ್ಷದ ಬಹುಮತಕ್ಕೆ ವಿರುದ್ಧವಾಗಿ ನಿಷೇಧದ ಪರ ನಿಂತ ಕೆಲವೇ ಸದಸ್ಯರಲ್ಲಿ ಅವರೂ ಒಬ್ಬರು. 1988ರ ಕಾಯಿದೆಯ ಕೆಲಸವನ್ನು ಮುಂದೆ 2006ರ ವಿಶಾಲವಾದ ಪ್ರಾಣಿಕಲ್ಯಾಣ ಕಾಯಿದೆ ವಹಿಸಿಕೊಂಡಿತು. ಆ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಸಾಕುವವನು ಹಿಂಸಿಸದಿದ್ದರೆ ಸಾಲದು. ಅದಕ್ಕೆ ತಕ್ಕ ನೆಲೆ, ತಕ್ಕ ಆಹಾರ, ಸಹಜವಾಗಿ ಓಡಾಡುವ ಅವಕಾಶ, ರೋಗರುಜಿನದಿಂದ ರಕ್ಷಣೆ ಇವೆಲ್ಲವೂ ಅವನ ಹೊಣೆ. 2021ರಲ್ಲಿ ಕ್ರೌರ್ಯದ ಗರಿಷ್ಠ ಶಿಕ್ಷೆ ಆರು ತಿಂಗಳಿಂದ ಐದು ವರ್ಷಕ್ಕೆ ಏರಿತು. ಆ ಮಸೂದೆಯನ್ನು ತಂದವರೂ ಹಿಂದಿನ ಸಾಲಿನವರೇ, ಕ್ರಿಸ್ ಲೋಡರ್.

ಇಲ್ಲಿ ಸ್ವಲ್ಪ ನಿಲ್ಲೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿರುವುದು ತಮಗೆ ಗೊತ್ತಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಆ ಪಟ್ಟಿಯಲ್ಲಿ ಮೊದಲು ಬರುವುದು ಬಂಧ, ಅಂದರೆ ಹಗ್ಗ. ಪಾಠಶಾಲೆಯಲ್ಲಿ ನಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಈಗ ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮನ್ನು ತೆರೆದು ನೋಡಿ. ಹೊಡೆತ, ಅತಿಭಾರ, ಅಂಗಭಂಗ, ಅನ್ನನೀರಿನ ಅಭಾವ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು: ಐದೂ ಅಲ್ಲಿವೆ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದನ್ನೂ ಅಪರಾಧವೆಂದೇ ಬರೆದಿದೆ.

ಈ ಕಾಯಿದೆಯ ಬೀಜ ಬಿತ್ತಿದವರೂ ಮಂತ್ರಿಗಳಲ್ಲ. ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಮರುವರ್ಷವೇ ಖಾಸಗಿ ಸದಸ್ಯರ ಮಸೂದೆಯನ್ನು ಮಂಡಿಸಿದರು. ಸರ್ಕಾರವೇ ಮಸೂದೆ ತರುವುದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಭರವಸೆ ಈಡೇರಲು 1960ರವರೆಗೆ ಕಾಯಬೇಕಾಯಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ನಮ್ಮ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆ ಕಾಯಿದೆಯಾಗಿರುವುದು 14 ಬಾರಿ ಮಾತ್ರ, ಕೊನೆಯದು 1970ರಲ್ಲಿ. ಆದರೂ ಹಿಂದಿನ ಸಾಲಿನ ಮಾತು ವ್ಯರ್ಥವಲ್ಲ ಎಂಬುದಕ್ಕೆ ರುಕ್ಮಿಣಿದೇವಿಯವರೇ ಸಾಕ್ಷಿ.

ಆದರೆ ಆ ಕಾಯಿದೆ ಮೊದಲ ಅಪರಾಧಕ್ಕೆ ವಿಧಿಸಿದ ದಂಡ ಎಷ್ಟು ಗೊತ್ತೇ? ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. 1960ರಲ್ಲಿ ಅದಕ್ಕೆ ಬೆಲೆಯಿತ್ತು. ಇಂದು ಈ ನಗರದಲ್ಲಿ 50 ರೂಪಾಯಿಗೆ ಇಬ್ಬರಿಗೆ ಸರಿಯಾಗಿ ತಿಂಡಿ ಬರುವುದಿಲ್ಲ. ಶಿಕ್ಷೆಯನ್ನು ಹೆಚ್ಚಿಸುವ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅಹಿಂಸೆಯೇ ಪರಮಧರ್ಮವೆಂದು ಫಲಕ ಬರೆಸುವ ನಮ್ಮಲ್ಲಿ ಎಷ್ಟು ಮಂದಿ ಒಂದು ಪತ್ರವನ್ನಾದರೂ ಬರೆದೆವು? 2025ರ ಆಗಸ್ಟಿನಲ್ಲಿ ದಾದರಿನ ಕಬೂತರಖಾನೆಯ ಹೊದಿಕೆಯನ್ನು ಕಿತ್ತುಹಾಕಲು ಜನ ಬೀದಿಗಿಳಿದರು. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಆಗುವ ಹಾನಿಯನ್ನು ವೈದ್ಯರು ಹೇಳುತ್ತಿರುವಾಗ, ಕೆಮ್ಮುವ ನೆರೆಯವನೂ ಪಂಚೇಂದ್ರಿಯ ಜೀವವೇ ಎಂಬುದನ್ನು ನಾವು ಮರೆಯಬಾರದಿತ್ತು. ಬೀದಿಯಲ್ಲಿ ತೋರಿದ ಉತ್ಸಾಹದ ನೂರರಲ್ಲಿ ಒಂದು ಪಾಲು 11ನೇ ಕಲಮಿನ ಕಡೆಗೆ ಹರಿದಿದ್ದರೆ!

ಇನ್ನು ಎರಡನೆಯ ಕಾಯಿದೆಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ಚಳಿ ಕೊಲ್ಲುತ್ತದೆ. ಆದಾಯ ಕಡಿಮೆ, ಮನೆ ಹಳೆಯದು, ಗೋಡೆ ಮಾಡುಗಳಿಂದ ಶಾಖ ಸೋರಿಹೋಗುತ್ತದೆ, ಮುದುಕರು ಬಿಲ್ಲಿಗೆ ಹೆದರಿ ಹೀಟರ್ ಹಚ್ಚುವುದಿಲ್ಲ. ಈ ಸ್ಥಿತಿಗೆ ಇಂಧನ ಬಡತನ ಎಂದು ಹೆಸರು. ಅಮೆಸ್ ಅವರ ಮಸೂದೆ 2000ನೇ ಇಸವಿಯಲ್ಲಿ ಬೆಚ್ಚಗಿನ ಮನೆಗಳ ಮತ್ತು ಇಂಧನ ಉಳಿತಾಯದ ಕಾಯಿದೆಯಾಯಿತು. ಇಂಧನ ಬಡತನವೆಂದರೇನು ಎಂಬುದನ್ನು ಅದು ಕಾನೂನಿನ ಮಾತಿನಲ್ಲಿ ಹೇಳಿತು. ಅದನ್ನು 15 ವರ್ಷಗಳೊಳಗೆ ನಿವಾರಿಸುವ ಯೋಜನೆಯನ್ನು ಪ್ರಕಟಿಸುವುದು ಸರ್ಕಾರದ ಕರ್ತವ್ಯವೆಂದಿತು. ಅದರ ಹೆಸರಿನಲ್ಲೇ ಎರಡು ಮಾತುಗಳು ಜೊತೆಯಾಗಿವೆ: ಬೆಚ್ಚಗಿನ ಮನೆ ಮತ್ತು ಉಳಿತಾಯ. ಬಡವನಿಗೆ ಹಣ ಕೊಟ್ಟು ಹೆಚ್ಚು ಉರಿಸು ಎನ್ನುವುದು ಒಂದು ದಾರಿ. ಗೋಡೆ ಮಾಡುಗಳಿಗೆ ಶಾಖ ಸೋರದಂತೆ ಹೊದಿಕೆ ಹಾಕಿಸಿ, ಒಳ್ಳೆಯ ಒಲೆ ಇರಿಸಿ, ಕಡಿಮೆ ಉರಿಯಲ್ಲೇ ಹೆಚ್ಚು ಬೆಚ್ಚಗಿರಿಸುವುದು ಇನ್ನೊಂದು ದಾರಿ. ಕಾಯಿದೆ ಈ ಎರಡನೆಯ ದಾರಿಯನ್ನು ತೆರೆಯಿತು.

ಬೆಂಕಿ ಕಡಿಮೆ, ಸುಖ ಹೆಚ್ಚು. ಜೈನರಿಗೆ ಇದಕ್ಕಿಂತ ಪರಿಚಿತವಾದ ವಿಚಾರ ಬೇರೊಂದಿಲ್ಲ. ಭೂಮಿ, ನೀರು, ಅಗ್ನಿ, ಗಾಳಿಗಳಲ್ಲೂ ಏಕೇಂದ್ರಿಯ ಜೀವವನ್ನು ಕಂಡವರು ನಾವು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು ಇವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಕರೆದು, ಅನರ್ಥದಂಡದಲ್ಲಿ ಸೇರಿಸಿದ್ದಾರೆ. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ವಾದ ನಮ್ಮಲ್ಲಿ ದಶಕಗಳಿಂದ ನಡೆದಿದೆ. ಪಂಡಿತರು ಅದನ್ನು ಮುಂದುವರಿಸಲಿ. ಕಲ್ಲಿದ್ದಲ ಕುಲುಮೆಯ ಬೆಂಕಿಯ ವಿಷಯದಲ್ಲಂತೂ ವಾದಕ್ಕೆ ಎಡೆಯಿಲ್ಲ. ನಾವು ಇಲ್ಲಿ ಗುಂಡಿ ಒತ್ತಿದಾಗ ಆ ಬೆಂಕಿ ಟ್ರಾಂಬೆಯಲ್ಲಿ, ಡಹಾಣೂವಿನಲ್ಲಿ ಉರಿಯುತ್ತದೆ. ಪಂಚಕಲ್ಯಾಣದ ಮಂಟಪಕ್ಕೆ ಹಗಲಿನಲ್ಲೂ ಹೊತ್ತಿಸಿಟ್ಟ ಸಾವಿರ ದೀಪಗಳನ್ನು ಧರ್ಮಪ್ರಭಾವನೆ ಎನ್ನೋಣವೇ, ಅನರ್ಥದಂಡ ಎನ್ನೋಣವೇ? ತಾವೇ ಹೇಳಿ.

ಇಂಧನದ ಬಗ್ಗೆ ಜನರ ಮನೋಭಾವವೇನೆಂದು ಬ್ರಿಟನ್ನಿನ ಸರ್ಕಾರ 2012ರಿಂದ ನಿಯತವಾಗಿ ಸಮೀಕ್ಷೆ ಮಾಡುತ್ತಿದೆ. ಮನೆಯಲ್ಲಿ ಇಂಧನ ಉಳಿಸುವ ಬಗ್ಗೆ ಎಷ್ಟು ಯೋಚಿಸುತ್ತೀರಿ ಎಂಬುದೂ ಅಲ್ಲಿನ ಒಂದು ಪ್ರಶ್ನೆ. ಮನೋಭಾವ ಉಪದೇಶದಿಂದ ಮಾತ್ರ ಬದಲಾಗುವುದಿಲ್ಲ. ನಮ್ಮಲ್ಲಿ 2020ರ ಜನವರಿಯಿಂದ ಸ್ಟಾರ್ ಲೇಬಲಿನ ರೂಮ್ ಏಸಿಗಳು ಚಾಲೂ ಆದೊಡನೆ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂತು. ಬೇಕಾದವರು ಇಳಿಸಿಕೊಳ್ಳಬಹುದು. ಆದರೆ ಇಳಿಸುವ ಮುನ್ನ ಕೈ ಒಮ್ಮೆ ಯೋಚಿಸಬೇಕು. ಪ್ರಮಾದವನ್ನು ತಡೆಯುವುದೆಂದರೆ ಇದೇ.

ಅಮೆಸ್ ಅವರ ಎರಡನೆಯ ಕಾಯಿದೆ ಪೂರ್ಣವಾಗಿ ಗೆದ್ದಿತೆಂದು ಹೇಳಲಾರೆ. ಅದರಲ್ಲಿ ‘ಶಕ್ಯವಾದಷ್ಟು ಮಟ್ಟಿಗೆ’ ಎಂಬರ್ಥದ ಒಂದು ಮಾತಿತ್ತು. ಸರ್ಕಾರ ಕರ್ತವ್ಯ ಮಾಡಿಲ್ಲವೆಂದು ಎರಡು ಸ್ವಯಂಸೇವಾ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಹೈಕೋರ್ಟು, 2009ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಸರ್ಕಾರದ ಪರವಾಗಿ ತೀರ್ಪಿತ್ತವು: ಪ್ರಯತ್ನಿಸುವುದು ಕರ್ತವ್ಯ, ಫಲಕ್ಕೆ ಖಾತರಿಯಿಲ್ಲ ಎಂಬುದು ಅವುಗಳ ಸಾರ. 2016ರ ಗಡುವು ಬರುವ ಮೊದಲೇ, 2014ರಲ್ಲಿ, ಇಂಗ್ಲೆಂಡಿಗೆ 2030ರ ಬೇರೊಂದು ಗುರಿ ನಿಗದಿಯಾಯಿತು. ಆದರೂ ಸೋಲನ್ನು ಸೋಲೆಂದು ಕರೆಯಲು ಜನರಿಗೆ ಒಂದು ಅಳತೆಗೋಲು ಸಿಕ್ಕಿತ್ತು. ಕಾಯಿದೆ ಇಲ್ಲದಿದ್ದರೆ ಆ ಪ್ರಶ್ನೆಯನ್ನೇ ಯಾರೂ ಕೇಳುತ್ತಿರಲಿಲ್ಲ.

ಅಣುವ್ರತವೂ ಶಕ್ಯವಾದಷ್ಟು ಮಟ್ಟಿಗಿನ ವ್ರತವೇ ಅಲ್ಲವೇ? ಮಹಾವ್ರತ ಮುನಿಗಳದು, ಶ್ರಾವಕರಿಗೆ ಸ್ಥೂಲ ವ್ರತ. ಅದು ಸಡಿಲಾಗದಂತೆ ಆಚಾರ್ಯರು ಅತಿಚಾರಗಳ ಪಟ್ಟಿ ಕೊಟ್ಟರು, ಪ್ರತಿಕ್ರಮಣವನ್ನು ವಿಧಿಸಿದರು. ಪಟ್ಟಿ ಮತ್ತು ಲೆಕ್ಕ, ಇವೆರಡೂ ಇಲ್ಲದ ದಯೆ ಬರಿಯ ಭಾವನೆಯಾಗಿ ಉಳಿಯುತ್ತದೆ. ಇಂದು ನಮ್ಮ ಜೀವದಯಾ ನಿಧಿಗಳ ಸ್ಥಿತಿ ಅದೇ. ಸವಾಲಿನಲ್ಲಿ ಲಕ್ಷ ಕೂಗಿದವರ ಹೆಸರು ಕಲ್ಲಿನಲ್ಲಿರುತ್ತದೆ. ಆ ಹಣದಿಂದ ಯಾವ ಜೀವದ ಯಾವ ನೋವು ಕಡಿಮೆಯಾಯಿತು ಎಂಬುದು ವರದಿಯಲ್ಲಿರುವುದಿಲ್ಲ.

ಆದ್ದರಿಂದ ಮೂರು ವಿನಂತಿಗಳು. ಮೊದಲನೆಯದು ಮನೆಗೆ ಸಂಬಂಧಿಸಿದ್ದು. ಬೆಕ್ಕಿನಂಥ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಕೆಲವು ಗ್ರಂಥಗಳು ಅನರ್ಥದಂಡದಲ್ಲಿ ಎಣಿಸಿವೆ. ಹಿರಿಯರ ಆಕ್ಷೇಪಕ್ಕೆ ಆಧಾರವಿದೆ. ಆದರೆ ಮಕ್ಕಳ ಹಟಕ್ಕೆ ನಾಯಿಮರಿಯನ್ನು ಕೊಂಡುತಂದು, ಫ್ಲ್ಯಾಟಿನ ಬಾಲ್ಕನಿಯಲ್ಲಿ ಗಿಡ್ಡ ಸರಪಳಿಗೆ ಕಟ್ಟಿ, ರಜೆಗೆ ಊರಿಗೆ ಹೊರಟಾಗ ಕಾವಲುಗಾರನ ಪಾಲಿಗೆ ಬಿಟ್ಟುಹೋಗುವ ಮನೆಗಳು ನಮ್ಮಲ್ಲೂ ಇವೆ. ತರುವ ಮುನ್ನ ಹತ್ತು ಸಲ ಯೋಚಿಸಿ. ತಂದ ಮೇಲೆ ಐದು ಅತಿಚಾರಗಳೂ ಅದಕ್ಕೆ ಅನ್ವಯಿಸುತ್ತವೆ.

ಎರಡನೆಯದು ಬಸದಿಗೆ ಸಂಬಂಧಿಸಿದ್ದು. ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯದ ಜೊತೆಗೆ ಉರಿಸಿದ ಯೂನಿಟ್ಟುಗಳ ಲೆಕ್ಕವನ್ನೂ ಓದಿ. ಅಲಂಕಾರದ ದೀಪಗಳಲ್ಲಿ ಉಳಿದ ಹಣವನ್ನು ಸಮಾಜದ ಬಡ ವೃದ್ಧರ ಮನೆಗಳಿಗೆ ತಿರುಗಿಸಿ. ಅಲ್ಲಿ ಚಳಿ ಕೊಂದರೆ ಇಲ್ಲಿ ಸೆಕೆ ಕೊಲ್ಲುತ್ತದೆ. ತಗಡಿನ ಮಾಡಿನ ಕೆಳಗೆ ಮೇ ತಿಂಗಳು ಕಳೆಯುವವರಿಗೆ ಒಂದು ಒಳ್ಳೆಯ ಫ್ಯಾನು, ಮಾಡಿಗೆ ಸುಣ್ಣದ ಬಿಳಿ ಲೇಪ, ಇವೂ ಅಭಯದಾನವೇ.

ಮೂರನೆಯದು ರಾಜಕೀಯಕ್ಕೆ ಸಂಬಂಧಿಸಿದ್ದು. ನಮ್ಮ ಸಂಸದರು ಚಾತುರ್ಮಾಸದಲ್ಲಿ ಹಾರ ಹಾಕಿಸಿಕೊಳ್ಳಲು ಬರುತ್ತಾರೆ. ಮುಂದಿನ ಸಲ ಹಾರದ ಜೊತೆಗೆ ಒಂದು ಮನವಿಯನ್ನೂ ಕೊಡೋಣ: 50 ರೂಪಾಯಿಯ ದಂಡದ ಬಗ್ಗೆ ತಾವು ಸದನದಲ್ಲಿ ಏನು ಕೇಳಿದಿರಿ? ಅವರು ಹಿಂದಿನ ಸಾಲಿನವರಾದರೆ ಇನ್ನೂ ಒಳ್ಳೆಯದು. ಪ್ರಶ್ನೆ ಕೇಳುವ ಅಧಿಕಾರಕ್ಕೆ ಮಂತ್ರಿಪದವಿ ಬೇಕಿಲ್ಲ. ಅದನ್ನು ಅವರಿಗೆ ನೆನಪಿಸಲು ಮತದಾರರಾದ ನಮಗೂ ಯಾರ ಅಪ್ಪಣೆಯೂ ಬೇಕಿಲ್ಲ.