ಮನೆಗೆಲಸಕ್ಕೆ ಕೂಲಿ

ಬೆಳಗಿನಿಂದ ಇರುಳಿನವರೆಗೆ ಅಡಿಗೆ, ಮುಸುರೆ, ಮಕ್ಕಳ ಆರೈಕೆಯಲ್ಲಿ ತೊಡಗಿದ ಗೃಹಿಣಿಯ ಉದ್ಯೋಗವೇನೆಂದು ಕೇಳಿದರೆ, 'ಏನೂ ಇಲ್ಲ, ಮನೆಯಲ್ಲಿದ್ದಾಳೆ' ಎಂಬುದೇ ಉತ್ತರ. ಈ ಉತ್ತರವನ್ನು ಒಪ್ಪದ ಸ್ತ್ರೀವಾದಿಗಳೂ ಪರಿಹಾರದ ವಿಚಾರದಲ್ಲಿ ಒಮ್ಮತಕ್ಕೆ ಬಂದವರಲ್ಲ.

ಕಾರ್ಮಿಕನನ್ನು ಉಣಿಸಿ, ಸಂತೈಸಿ, ಮರುದಿನದ ದುಡಿಮೆಗೆ ಅಣಿಗೊಳಿಸುವವಳು ಹೆಂಗಸು, ಲಾಭ ಮಾತ್ರ ಮಾಲೀಕನದು ಎಂದು ಇಟಲಿಯ ಮರಿಯಾರೋಸಾ ದಲ್ಲಾ ಕೋಸ್ತಾ 1972ರಲ್ಲಿ ವಾದಿಸಿದರು. ಮನೆಗೆಲಸಕ್ಕೆ ವೇತನ ಬೇಕೆಂಬ ಚಳವಳಿ ಹುಟ್ಟಿದ್ದು ಈ ವಿಚಾರದಿಂದ. 1975ರಲ್ಲಿ ಸಿಲ್ವಿಯಾ ಫೆಡರಿಚಿ ಇನ್ನೂ ಮುಂದೆ ಹೋದರು: ದುಡಿಮೆಯೆಂದು ಒಪ್ಪಿಸಿದರೆ ತಾನೇ ಅದನ್ನು ನಿರಾಕರಿಸುವುದು ಸಾಧ್ಯ? ಪ್ರೀತಿಯ ಹೆಸರಿನಲ್ಲಿ ನಡೆಯುವ ಕೆಲಸಕ್ಕೆ ಮುಷ್ಕರ ಹೂಡುವುದೆಂತು!

1981ರಲ್ಲಿ ಅಮೆರಿಕದ ಏಂಜೆಲಾ ಡೇವಿಸ್ ಕೊಟ್ಟ ಉತ್ತರ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಅಲ್ಲಿನ ಕಪ್ಪು ಹೆಂಗಸರು ತಲೆಮಾರುಗಳಿಂದ ಬಿಳಿಯರ ಮನೆಗಳಲ್ಲಿ ಇದೇ ಕೆಲಸವನ್ನು ಕೂಲಿಗೆ ಮಾಡಿದವರು. ಕೂಲಿ ದೊರೆಯಿತು, ಬಿಡುಗಡೆ ದೊರೆಯಲಿಲ್ಲ. ಆದುದರಿಂದ ಆ ಹೊರೆಯನ್ನು ಸಮಾಜವೇ ವಹಿಸಿಕೊಳ್ಳಬೇಕೆಂದರು ಡೇವಿಸ್. 1898ರಷ್ಟು ಹಿಂದೆಯೇ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅಡಿಗೆಮನೆಯಿಲ್ಲದ ಮನೆಗಳನ್ನು ಸೂಚಿಸಿದ್ದುಂಟು. ನಮ್ಮ ಮಡಿಯ ಮನೆಗಳಲ್ಲಿ ಆಡುವಂಥ ಮಾತಲ್ಲ ಅದು!

ಆದರೆ ಸಮಾಜ ವಹಿಸಿಕೊಂಡಾಗಲೂ ದುಡಿಯುವ ಕೈ ಯಾರದು? 1975ರಲ್ಲಿ ಆರಂಭವಾದ ನಮ್ಮ ಅಂಗನವಾಡಿಗಳನ್ನೇ ನೋಡಿ. ಮಕ್ಕಳಿಗೆ ಉಣಿಸುವವರೂ ಆಡಿಸುವವರೂ ಹೆಂಗಸರೇ. ಅವರಿಗೆ ಸಲ್ಲುತ್ತ ಬಂದದ್ದು 'ಗೌರವಧನ', ಸಂಬಳವಲ್ಲ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2022ರಲ್ಲಿ, ಯೋಜನೆ ಹುಟ್ಟಿ ನಲವತ್ತಾರು ವರ್ಷ ಕಳೆದ ಮೇಲೆ.