ಸೂಜಿಗೆ ಎಷ್ಟು ಕೊಡ್ತೀರಿ?



ಹೊಸ ಲಸಿಕೆಯೊಂದು ಬಂದಾಗ ತಯಾರಿಸಿದ ಕಂಪನಿಗೂ ಕೊಳ್ಳಬೇಕಾದ ಸರ್ಕಾರಕ್ಕೂ ಒಂದೇ ಯೋಚನೆ: ಜನ ಇದನ್ನು ಹಾಕಿಸಿಕೊಂಡಾರೆಯೇ, ಹಾಕಿಸಿಕೊಂಡರೂ ಕೈಯಿಂದ ಎಷ್ಟು ಬಿಚ್ಚಿಯಾರು? ತಿಳಿಯಲು ಸಮೀಕ್ಷೆಯವರು ಮನೆ ಮನೆಗೆ ಹೋಗುವುದುಂಟು. "ಐನೂರು ರೂಪಾಯಿ ಆದರೆ ಹಾಕಿಸ್ತೀರಾ?" ಹೂಂ ಅಂದರೆ ಸಾವಿರಕ್ಕೆ ಏರಿಸುತ್ತಾರೆ, ಊಹೂಂ ಅಂದರೆ ಮುನ್ನೂರಕ್ಕೆ ಇಳಿಸುತ್ತಾರೆ. ಹೀಗೆ ಏರಿಸಿ ಇಳಿಸಿ ನಿಂತ ಅಂಕಿಯೇ ಆ ಮನೆಯವರು ಕೊಡಲು ಒಪ್ಪುವ ಬೆಲೆ ಎಂದು ಬರೆದುಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞರಿಗೆ ಈ ಅಂಕಿ ಬಹಳ ಮುಖ್ಯ. ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ. ಮನೆಗೆ ಬಂದವರ ಮುಂದೆ, ಅದೂ ಮಕ್ಕಳ ಆರೋಗ್ಯದ ಮಾತು ಬಂದಾಗ, "ನಮ್ ಕೈಲಿ ಆಗಲ್ಲ" ಅನ್ನುವ ತಾಯಿ ನಮ್ಮ ಕಡೆ ಅಪರೂಪ. ಸೆರಗಿನ ಗಂಟು ಬಿಚ್ಚುವಾಗ ಬರುವ ಉತ್ತರವೇ ಬೇರೆ.

ಅಂಥ ಉತ್ತರ ಕೊರೊನಾ ಕಾಲದಲ್ಲಿ ಸಿಕ್ಕಿತು. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ನಮ್ಮ ಹಾಸನ ಜಿಲ್ಲೆಯನ್ನೂ ಜೋರಾಗಿ ಬಡಿದಿತ್ತು. ಲಸಿಕೆಯ ಕೊರತೆ ಎಷ್ಟಿತ್ತೆಂದರೆ 18ರಿಂದ 44 ವರ್ಷದವರಿಗೆ ಕೊಡುವುದನ್ನು ರಾಜ್ಯ ಸರ್ಕಾರ ಮೇ 14ರಿಂದ ಕೆಲಕಾಲ ನಿಲ್ಲಿಸಬೇಕಾಯಿತು. ಮುಂದಿನ ತಿಂಗಳು ಖಾಸಗಿ ಆಸ್ಪತ್ರೆಗಳಿಗೆ ಕೇಂದ್ರ ದರ ಕಟ್ಟಿತು. ಕೋವಿಶೀಲ್ಡ್ 780 ರೂಪಾಯಿ, ಕೋವ್ಯಾಕ್ಸಿನ್ 1410. ದೇಶದಲ್ಲಿ ತಯಾರಾದ ಲಸಿಕೆಯ ನಾಲ್ಕನೇ ಒಂದು ಪಾಲನ್ನು ಹೀಗೆ ದುಡ್ಡು ಕೊಡುವವರಿಗೆಂದು ಎತ್ತಿಡಲಾಗಿತ್ತು. ಆದರೆ ಖಾಸಗಿಯಲ್ಲಿ ನಡೆದ ಲಸಿಕೆ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಪ್ರಾಣಭಯ ಕುತ್ತಿಗೆಗೆ ಬಂದಿದ್ದ ಕಾಲದಲ್ಲಿ ನಡೆದದ್ದು ಇದು.

ಭಯ ಇಳಿದ ಮೇಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 2022ರ ಏಪ್ರಿಲ್ 10ರಿಂದ 18ರಿಂದ 59 ವರ್ಷದವರಿಗೆ ಬೂಸ್ಟರ್ ಡೋಸ್ ಶುರುವಾಯಿತು, ದುಡ್ಡಿಗೆ ಮಾತ್ರ. ಹಿಂದಿನ ದಿನವೇ ಎರಡೂ ಕಂಪನಿಗಳು ಬೆಲೆಯನ್ನು 225 ರೂಪಾಯಿಗೆ ಇಳಿಸಿದ್ದವು. ಆಸ್ಪತ್ರೆಯ ಖರ್ಚು ಸೇರಿದರೂ ನಾನೂರರ ಆಸುಪಾಸು. ಮದುವೆ ಮನೆಯ ಮುಯ್ಯಿಗೆ ಅದಕ್ಕಿಂತ ಹೆಚ್ಚು ಹಾಕುತ್ತೇವೆ. ಮೂರು ತಿಂಗಳಾದರೂ ಆ ವಯಸ್ಸಿನ 77 ಕೋಟಿ ಜನರಲ್ಲಿ ನೂರಕ್ಕೆ ಒಬ್ಬರೂ ಹಾಕಿಸಿಕೊಂಡಿರಲಿಲ್ಲ. ಜುಲೈ 15ರಿಂದ 75 ದಿನ ಪುಕ್ಕಟೆ ಎಂದದ್ದೇ ತಡ, ಕೋಟಿಗಟ್ಟಲೆ ಜನ ಬಂದರು. ಲಸಿಕೆ ಅದೇ, ಜನವೂ ಅವರೇ. ನಾನೂರು ರೂಪಾಯಿಗೂ ಸೊನ್ನೆಗೂ ನಡುವೆ ಇರುವ ದೂರ ಬರೀ ನಾನೂರಲ್ಲ ಎಂಬುದು ಆಗ ಗೊತ್ತಾಯಿತು.

ಹಾಗಾದರೆ ಪುಕ್ಕಟೆ ಕೊಟ್ಟರೆ ಕೆಲಸ ಮುಗಿಯಿತೇ? ಮುಗಿಯುವುದಿಲ್ಲ ಎನ್ನುವುದಕ್ಕೆ ನಮ್ಮ ಕೊಟ್ಟಿಗೆಗಳನ್ನೇ ನೋಡಬೇಕು. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಅನೇಕ ಮನೆಗಳ ವಾರದ ಸಂತೆ ನಡೆಯುವುದು ಡೇರಿಯ ಬಟವಾಡೆಯಿಂದ. 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಜ್ವರ ಹಬ್ಬಿ ಸಾವಿರಾರು ರಾಸು ಸತ್ತದ್ದನ್ನು ಹಸು ಕಟ್ಟಿದ ಯಾರೂ ಮರೆತಿರಲಾರರು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ, ಕೊಟ್ಟಿಗೆಯ ಬಾಗಿಲಿಗೇ, ಒಂದು ಪೈಸೆಯಿಲ್ಲದೆ ಬರುತ್ತದೆ. ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿ ಲೆಕ್ಕವನ್ನೂ ಇಡುತ್ತಾರೆ.

ಆದರೂ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಐಸ್ ಪೆಟ್ಟಿಗೆ ಹೊತ್ತು ಲಸಿಕೆ ಹಾಕುವವರು ಬಂದರೆ ಎಷ್ಟೋ ಕಡೆ ಕೇಳುವ ಮಾತು ಇದು: "ಇವತ್ ಬ್ಯಾಡ ಸಾ, ಸೂಜಿ ಹಾಕ್ಸಿದ್ರೆ ಹಾಲು ಕಮ್ಮಿ ಆಯ್ತದೆ. ಇದು ಬೇರೆ ಗಬ್ಬ ಆಗದೆ." ಬಂದವರು, "ಅಕ್ಕಾ, ಎರಡ್ಮೂರು ದಿನ ಅಷ್ಟೇ, ಆಮೇಲೆ ಸರಿಹೋಗ್ತದೆ. ತುಂಬು ಗಬ್ಬ ಇದ್ರೆ ಅದನ್ನ ಬಿಟ್ಟು ಮಿಕ್ಕಿದ್ದಕ್ಕೆ ಹಾಕ್ತೀನಿ" ಎಂದು ಒಪ್ಪಿಸಬೇಕು. ಆ ಹೆಣ್ಣುಮಗಳದ್ದು ಮೂಢನಂಬಿಕೆ ಎಂದು ತಳ್ಳಿಹಾಕುವ ಹಾಗಿಲ್ಲ. ಲಸಿಕೆಯ ನಂತರ ಎರಡು ಮೂರು ದಿನ ಹಾಲು ಇಳಿಯುವುದು ನಿಜ. ದಿನಕ್ಕೆ ಎರಡು ಲೀಟರ್ ಕಡಿಮೆಯಾಗಿ, ಲೀಟರಿಗೆ ಮೂವತ್ತೈದು ರೂಪಾಯಿ ಹಿಡಿದರೆ, ಮೂರು ದಿನಕ್ಕೆ 210 ರೂಪಾಯಿ. ಸರ್ಕಾರದ ಕಡತದಲ್ಲಿ ಪುಕ್ಕಟೆ ಎಂದಿರುವ ಲಸಿಕೆಗೆ ಆಕೆಯ ಲೆಕ್ಕದಲ್ಲಿ ಇನ್ನೂರ ಹತ್ತು ರೂಪಾಯಿ ಬಿತ್ತು. ಇದನ್ನು ಯಾವ ಸಮೀಕ್ಷೆಯೂ ಕೇಳಿರುವುದಿಲ್ಲ.

ಮನುಷ್ಯರ ಲಸಿಕೆಯಲ್ಲೂ ಇಂಥ ಕಾಣದ ಬೆಲೆ ಇದೆ. ಅರಕಲಗೂಡಿನ ಆಚೆ ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಬಿಟ್ಟು ಲಸಿಕೆಗೆಂದು ಹಾಸನಕ್ಕೆ ಹೋಗಿ ಬಾ ಎಂದರೆ ಯಾರು ಹೋದಾರು? 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ತಾಯಿ, ಮಗಳಿಗೆ ಬಸ್ ಚಾರ್ಜು ಇಲ್ಲ, ಸರಿ. ಹೋದ ದಿನದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಇನ್ನು ದುಡ್ಡು ಕೊಡಬೇಕೆಂದರೆ ಯಾವ ತಿಂಗಳು ಎನ್ನುವುದೂ ಮುಖ್ಯ. ಹೊಗೆಸೊಪ್ಪಿನ ಹರಾಜಿನ ಹಣ ಕೈಯಲ್ಲಿರುವಾಗ ಎರಡು ಸಾವಿರ ಎನ್ನಬಲ್ಲ ಮನೆ, ಆಲೂಗಡ್ಡೆ ಬಿತ್ತನೆಯ ಹೊತ್ತಿಗೆ ಇನ್ನೂರಕ್ಕೂ ತಡಕಾಡುತ್ತದೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಸೇವಾ ಮಂದಿರ್ ಸಂಸ್ಥೆಯೊಡನೆ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. 2010ರಲ್ಲಿ ಪ್ರಕಟವಾಯಿತು. ಎಂದಿನಂತೆ ಬಿಟ್ಟ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಮುಗಿಸಿದ ಮಕ್ಕಳು ನೂರಕ್ಕೆ 6. ತಪ್ಪದೆ ಊರಿಗೇ ಬಂದು ಶಿಬಿರ ನಡೆಸಿದಲ್ಲಿ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆ ಕೊಟ್ಟಲ್ಲಿ 39. ಬೇಳೆಯಾಸೆಗೆ ಬಂದರು ಎಂದು ನಗುವವರು ನಕ್ಕಾರು. ನನಗೆ ಕಂಡದ್ದು ಬೇರೆ: ಆ ಬೇಳೆ ತಾಯಿ ಕಳೆದುಕೊಂಡ ಅರ್ಧ ದಿನಕ್ಕೆ ಸಂದ ಮರ್ಯಾದೆ.

ಇಷ್ಟು ಹೇಳಿದ್ದು ಈಗಿನ ಒಂದು ಲಸಿಕೆಗಾಗಿ. ಗರ್ಭಕಂಠದ ಕ್ಯಾನ್ಸರ್ ನಮ್ಮ ದೇಶದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಬಹುಪಾಲು ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದರ ವಿರುದ್ಧದ ಲಸಿಕೆ ಚೆನ್ನಾಗಿ ನಾಟುವುದು 9ರಿಂದ 14 ವರ್ಷದ ಹುಡುಗಿಯರಲ್ಲಿ. ವಿದೇಶಿ ಲಸಿಕೆಯೊಂದರ ಡೋಸಿಗೆ ಹತ್ತು ಸಾವಿರ ದಾಟುತ್ತದೆ. 2023ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವವ್ಯಾಕ್ ಬಂದು ಬೆಲೆ ಎಷ್ಟೋ ಇಳಿಯಿತು. ಆದರೂ ಡೋಸಿಗೆ ಎರಡು ಸಾವಿರ ರೂಪಾಯಿ ಎಂದರೆ, ಅದೇ ಮೂವತ್ತೈದರ ಲೆಕ್ಕದಲ್ಲಿ, ಸುಮಾರು 57 ಲೀಟರ್ ಹಾಲು.

ನಾಯಿ ಕಚ್ಚಿದರೆ ಯಾರೂ ಬೆಲೆ ಕೇಳುವುದಿಲ್ಲ. ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲದಲ್ಲೂ ಜನ ಹಲ್ಲು ಕಚ್ಚಿ ಹೋಗುತ್ತಿದ್ದರು. ಅಲ್ಲಿ ಸಾವು ಬಾಗಿಲಲ್ಲೇ ನಿಂತಿರುತ್ತದೆ. ಎಚ್‌ಪಿವಿಯ ವಿಷಯ ಹಾಗಲ್ಲ. ಇವತ್ತು ಏಳನೇ ಕ್ಲಾಸಿನಲ್ಲಿರುವ ಹುಡುಗಿಗೆ ಕಾಯಿಲೆ ಬಂದರೆ ಅದು ಹೆಚ್ಚಾಗಿ ನಲವತ್ತರ ಮೇಲೆ, ಪ್ರಾಯಶಃ ಬೇರೆ ಊರಿನ ಗಂಡನ ಮನೆಯಲ್ಲಿ. ಅದಕ್ಕೆ ಇವತ್ತು ಎಷ್ಟು ಕೊಡುತ್ತೀಯ ಎಂದು ಅವಳ ಅಪ್ಪನನ್ನು ಕೇಳಿ, ಅವನು ಹೇಳಿದ ಅಂಕಿಯನ್ನೇ ಆ ಜೀವದ ಬೆಲೆ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಸಿಕ್ಕಿಂನಲ್ಲಿ 2018ರಲ್ಲಿ ಶಾಲೆಗಳಲ್ಲೇ ಪುಕ್ಕಟೆ ಹಾಕಿದಾಗ ನೂರಕ್ಕೆ 95ಕ್ಕೂ ಹೆಚ್ಚು ಹುಡುಗಿಯರಿಗೆ ತಲುಪಿತು. ಪುಕ್ಕಟೆ, ಶಾಲೆಯಲ್ಲೇ, ಗೊತ್ತಿರುವ ಮೇಷ್ಟ್ರ ಮಾತಿನ ಮೇಲೆ: ಈ ಮೂರೂ ಕೂಡಿದ್ದರಿಂದ ಅದು ಸಾಧ್ಯವಾಯಿತು. ಈ ವಯಸ್ಸಿನವರಿಗೆ ಒಂದೇ ಡೋಸ್ ಸಾಕಾದೀತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿರುವುದರಿಂದ ಸರ್ಕಾರದ ಖರ್ಚೂ ಅರ್ಧಕ್ಕಿಳಿಯುತ್ತದೆ.

ಮನೆಯಲ್ಲಿ ಆ ವಯಸ್ಸಿನ ಹುಡುಗಿ ಇದ್ದರೆ, ಸರ್ಕಾರಿ ಎಚ್‌ಪಿವಿ ಲಸಿಕೆ ನಿಮ್ಮ ಊರಿನಲ್ಲಿ ಯಾವಾಗ, ಯಾವ ವಯಸ್ಸಿಗೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕೇಳಿ. ಸಮೀಕ್ಷೆಯವರು ಬಂದು ಎಷ್ಟು ಕೊಡ್ತೀರಿ ಅಂದರೆ, ಹೋಗಿ ಬರುವ ದಿನದ ಕೂಲಿಯನ್ನೂ ಸೇರಿಸಿ ಲೆಕ್ಕ ಹೇಳಿ.