ಕೊನೆಯ ದಿನಗಳ ತಳಮಳ: ಮನೆಯವರ ಆರೈಕೆ, ಪಂಚಾಯತಿಯ ಹೊಣೆ

(ಯಲಹಂಕ ತಾಲ್ಲೂಕಿನ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಚರಂಡಿ, ಬೀದಿದೀಪಗಳ ನಡುವೆ ಇಂದಿನ ವಿಷಯ ನಮ್ಮ ವ್ಯಾಪ್ತಿಗೆ ಬರುವುದೇ ಎಂದು ಕೆಲವರಿಗೆ ಅನಿಸಬಹುದು. ಆದರೆ ರಾಜಾನುಕುಂಟೆ, ಸಿಂಗನಾಯಕನಹಳ್ಳಿಯಂತಹ ಊರುಗಳಲ್ಲಿ ಹಾಸಿಗೆ ಹಿಡಿದ ಹಿರಿಯರು ನಡುರಾತ್ರಿ ಚಡಪಡಿಸತೊಡಗಿದರೆ, ಗಾಡಿಗಾಗಿ ಮನೆಯವರು ಮೊದಲು ಕರೆ ಮಾಡುವುದು ತಮ್ಮ ಸದಸ್ಯರಿಗೇ ಅಲ್ಲವೇ?

ಮರಣ ಸಮೀಪಿಸಿದಾಗ ಅನೇಕರಲ್ಲಿ ತಳಮಳ ಕಾಣಿಸಿಕೊಳ್ಳುತ್ತದೆ. ಹೊದಿಕೆ ಎಳೆಯುವುದು, ಬಟ್ಟೆ ಕಳಚುವುದು, ಏಳಲು ಹವಣಿಸುವುದು, ಸ್ವಂತ ಮನೆಯಲ್ಲೇ ಇದ್ದು “ಮನೆಗೆ ಹೋಗಬೇಕು” ಎನ್ನುವುದು, ಎಂದೋ ತೀರಿಕೊಂಡವರನ್ನು ಕರೆಯುವುದು. ಗಾಳಿ ಸೋಕಿದೆ, ಯಾವುದೋ ಆಸೆ ಉಳಿದಿದೆ ಎಂದು ಬಗೆಯುವವರುಂಟು. ಮೂತ್ರಪಿಂಡ, ಯಕೃತ್ತುಗಳ ಶಕ್ತಿ ಕುಂದಿ, ರಕ್ತದಲ್ಲಿ ಕಲ್ಮಷ ಸೇರಿ ಮೆದುಳು ಗಲಿಬಿಲಿಗೊಳ್ಳುವುದು ಇದಕ್ಕೆ ಸಾಮಾನ್ಯ ಕಾರಣ. ಕೆಲವೊಮ್ಮೆ ಕಾರಣ ಇನ್ನೂ ಸರಳವಾಗಿರುತ್ತದೆ: ಮೂತ್ರ ಕಟ್ಟಿಕೊಂಡಿರುತ್ತದೆ, ಮಲಬದ್ಧತೆಯಾಗಿರುತ್ತದೆ, ಅಥವಾ ನೋವನ್ನು ಹೇಳಲು ಮಾತು ಉಳಿದಿರುವುದಿಲ್ಲ. ಮೂತ್ರ ಕಟ್ಟಿದ್ದಲ್ಲಿ, ದಾದಿಯರು ಕೊಳವೆ ಹಾಕಿ ಹೊರತೆಗೆದೊಡನೆ ರೋಗಿ ಶಾಂತವಾಗಿ ನಿದ್ರಿಸುವುದುಂಟು. ಆದುದರಿಂದ ಗಾಡಿ ಹುಡುಕುವುದಕ್ಕೂ ಮೊದಲು, ಎಷ್ಟು ಹೊತ್ತಿನಿಂದ ಮೂತ್ರವಾಗಿಲ್ಲ ಎಂದು ಕೇಳಿರಿ.

ಕೈಕಾಲು ಕಟ್ಟಬಾರದು, ಕಟ್ಟಿದಷ್ಟೂ ಭಯ ಹೆಚ್ಚುತ್ತದೆ. ಬೀಳುವ ಅಂಜಿಕೆಯಿದ್ದರೆ ಹಾಸಿಗೆಯನ್ನು ನೆಲಕ್ಕಿಳಿಸಿದರಾಯಿತು. ಮಂದ ದೀಪ, ಪರಿಚಿತ ದನಿ, ಕೈಹಿಡಿದು ಕೂತ ಒಬ್ಬರು ಸಾಕು; ನೋಡಲು ಬಂದ ನೆಂಟರಿಷ್ಟರು ಅಂಗಳದಲ್ಲಿರಲಿ. ನುಂಗಲಾರದವರ ಬಾಯಿಗೆ ಗಂಜಿಯನ್ನೋ ನೀರನ್ನೋ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೊನೆಯ ಗುಟುಕು ಬಿಡುವ ನಮ್ಮ ಸಂಪ್ರದಾಯವನ್ನು ಒಂದು ಹನಿಯಿಂದ ತುಟಿ ತೋಯಿಸಿಯೂ ಪಾಲಿಸಬಹುದು. ನಿದ್ರೆಮಾತ್ರೆಯನ್ನು ತಾವೇ ಅಂಗಡಿಯಿಂದ ತಂದು ಕೊಡಬಾರದು. ಗಲಿಬಿಲಿ ಅದರಿಂದಲೇ ಹೆಚ್ಚೀತು. ವೈದ್ಯರು ಅಳೆದು ಕೊಡುವ ಔಷಧದ ಮಾತು ಬೇರೆ. ಮಾರ್ಫಿನ್ ಎಂದೊಡನೆ ಬೆಚ್ಚುವವರಿದ್ದಾರೆ. ಕ್ಯಾನ್ಸರ್ ನೋವಿಗೆ ಅದು ಮಾನ್ಯವಾದ ಔಷಧ. ಆಸ್ಪತ್ರೆಗಳಿಗೆ ಅದು ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿಯಾಯಿತು.

ಉಪಶಾಮಕ ಆರೈಕೆಯು ಆಯುಷ್ಮಾನ್ ಆರೋಗ್ಯ ಮಂದಿರಗಳು ನೀಡಬೇಕಾದ ಸೇವೆಗಳಲ್ಲಿ ಒಂದು. ತಮ್ಮ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಇದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಚಾರಿಸಿರಿ. ಮುಂದುವರಿದ ಕ್ಯಾನ್ಸರಿನ ರೋಗಿಗಳಿಗೆ ಮಾರತ್ತಹಳ್ಳಿ ಬಳಿಯ ಕರುಣಾಶ್ರಯದಲ್ಲಿ ಉಚಿತ ಆರೈಕೆಯುಂಟು. ಆದರೆ ಇಲ್ಲಿಂದ ಅದು ನಗರದ ಆಚೆಯ ಅಂಚು, ಕೊನೆಯ ಗಳಿಗೆಯಲ್ಲಿ ಸಾಗಿಸುವ ದೂರವಲ್ಲ. ನಿದ್ದೆಗೆಟ್ಟು ಕುಗ್ಗಿಹೋದ ಮನೆಯವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಇನ್ನೊಂದು ವಿಷಯ ನೇರವಾಗಿ ತಮ್ಮದೇ. ಚೇತರಿಕೆಯ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ನಮ್ಮ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಪತ್ರಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಅದರ ಪ್ರತಿಯನ್ನು ಪಂಚಾಯತಿಯೂ ಸೇರಿದಂತೆ ಸ್ಥಳೀಯ ಸಂಸ್ಥೆಯ ಸಕ್ಷಮ ಅಧಿಕಾರಿಗೆ ಒಪ್ಪಿಸಬೇಕು. ಅಂತಹ ಪ್ರತಿ ಹಿಡಿದು ಒಬ್ಬ ಅಜ್ಜಿ ನಾಳೆ ತಮ್ಮ ಕಚೇರಿಗೆ ಬಂದರೆ ಅದನ್ನು ಪಡೆದು ಜೋಪಾನ ಮಾಡುವವರು ಯಾರು ಎಂಬುದನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.